ಕೊಂಬು ಬೇರೆ, ಕೋಡು ಬೇರೆಯಾ? ಕೋಡುಬಳೆ ಯಾಕೆ ಕೊಂಬುಬಳೆ ಆಗಲಿಲ್ಲ?

ಹೇಮಾವತಿ_ದಂಡೆ:
ನಮ್ಮ ಹಾಸನ ಕಡೆ ದನಕ್ಕಿರೋದು ಕೊಂಬು. ಧಾರವಾಡದವರು, ಕರಾವಳಿಯವರು ಅದನ್ನೇ ಕೋಡು ಅಂತಾರೆ. ಸರಿ, ಸೀಮೆಯ ವ್ಯತ್ಯಾಸ ಅನ್ನೋಣ. ಆದರೆ ಕೋಡುಬಳೆ ಅಂತ ನಾವೂ ಅಂತೀವಿ, ಕೋಡುಗಲ್ಲು ಅಂತಲೂ ಅಂತೀವಿ. ಮರದ್ದು ಕೊಂಬೆ, ಅರಿಶಿನದ್ದು ಕೊಂಬು, ಕು ಅಕ್ಷರಕ್ಕೆ ಕೊಡೋದೂ ಕೊಂಬು. ಎರಡೂ ಒಂದೇ ಬೇರಿನ ಮಾತಾ? ಶೃಂಗೇರಿಯ ಶೃಂಗ ಅಂದರೂ ಕೊಂಬೇ ಅಂತೆ, ಹೌದಾ? ತಿಳಿದವರು ಬಿಡಿಸಿ ಹೇಳಿ.

ಅರಸೀಕೆರೆ_ತೆಂಗು:
ಕೊಂಬು ಮೂಡಿದೋರು ಬಂದು ಉತ್ತರ ಹೇಳ್ತಾರೆ, ಸ್ವಲ್ಪ ತಡೀರಿ.

ಹಳೇಮೇಷ್ಟ್ರು:
ಎರಡೂ ದ್ರಾವಿಡ ಪದಗಳೇ, ಆದರೆ ಬೇರು ಬೇರೆ ಬೇರೆ. ಬರೋ ಮತ್ತು ಎಮಿನೋ ಸೇರಿ ಮಾಡಿದ ದ್ರಾವಿಡ ಪದಮೂಲ ಕೋಶದಲ್ಲಿ ಎರಡಕ್ಕೂ ಪ್ರತ್ಯೇಕ ನಮೂದು ಇದೆ.

ಕೊಂಬು: ತಮಿಳು, ಮಲಯಾಳದಲ್ಲೂ ಕೊಂಬು, ತೆಲುಗಿನಲ್ಲಿ ಕೊಮ್ಮು. ತೆಲುಗಿನಲ್ಲಿ ಕೊಮ್ಮು ಅಂದರೆ ದನದ್ದು, ಕೊಮ್ಮ ಅಂದರೆ ಮರದ್ದು. ನಮ್ಮಲ್ಲಿ ಕೊಂಬು, ಕೊಂಬೆ. ಕೊನೆಯ ಸ್ವರ ಒಂದು ಬದಲಾದರೆ ಕೊಟ್ಟಿಗೆಯಿಂದ ತೋಟಕ್ಕೆ ಬಂದ ಹಾಗೆ.

ಕೋಡು: ತಮಿಳಿನಲ್ಲಿ ಇದರ ಅರ್ಥ ಇನ್ನೂ ಹರಡಿದೆ. ಕೊಂಬು, ಆನೆಯ ದಂತ, ಮರದ ಕೊಂಬೆ, ಬೆಟ್ಟದ ತುದಿ, ಕೆರೆಯ ದಂಡೆ, ಕಡೆಗೆ ಗೀಟಿಗೂ ಕೋಡು. ತೆಲುಗಿನಲ್ಲಿ ಹೊಳೆಯ ಕವಲಿಗೆ ಕೋಡು. ಹಳಗನ್ನಡದಲ್ಲೂ ಆನೆದಂತಕ್ಕೆ ಕೋಡು ಅನ್ನೋದು ಸಾಮಾನ್ಯ.

ಮೊದಲು ಪ್ರಾಣಿಗೆ ಬಂತೋ ಮರಕ್ಕೆ ಬಂತೋ ಅಂತ ಜಗಳ ಆಡೋದು ದಂಡ. ಮೈಯಿಂದ ಹೊರಗೆ ಚಾಚಿ, ತುದಿಗೆ ಹೋಗ್ತಾ ಸಣ್ಣಗಾಗೋದು ಯಾವುದೇ ಇರಲಿ, ಈ ಎರಡು ಮಾತಿನಲ್ಲಿ ಒಂದು ಅದಕ್ಕೆ ಅಂಟಿಕೊಂಡಿದೆ. ಹಳೇ ಮೈಸೂರು ಸೀಮೆಯಲ್ಲಿ ದನದ ತಲೆ ಮೇಲಿನ ಜಾಗ ಕೊಂಬಿನ ಪಾಲಾಯ್ತು. ಕೋಡು ಬರೀ ಜೋಡುಪದಗಳಲ್ಲಿ ಉಳಿದುಕೊಂಡಿತು. ಕೋಡುಬಳೆ, ಕೋಡುಗಲ್ಲು ಎರಡೂ ಆ ಜಾತಿಯವು.

ಬಾಬಾಬುಡನ್_ಮಂಜು:
ವಚನಗಳಲ್ಲಿ "ಕೊಂಬ" ಅಂತ ಬರುತ್ತಲ್ಲ ಮೇಷ್ಟ್ರೇ, ಅದೂ ಇದೇನಾ? ಕೊಂಬಿನಿಂದ ಹಾಯೋನು ಅಂತ?

ಹಳೇಮೇಷ್ಟ್ರು:
ಅಲ್ಲವೇ ಅಲ್ಲ. ಅದು ಕೊಳ್ ಧಾತು. ಕೊಳ್ಳುವ ಅನ್ನೋದರ ಹಳೆಯ ರೂಪ ಕೊಂಬ. ಉಣ್ ಇದ್ದದ್ದು ಉಂಬ ಆದ ಹಾಗೇ. "ಕೊಡುವ ಕೊಂಬ" ಅಂದರೆ ಕೊಡೋದು ತಗೊಳ್ಳೋದು. ದನಕ್ಕೂ ಅದಕ್ಕೂ ಸಂಬಂಧ ಇಲ್ಲ.

ಕೊಪ್ಪದ_ಅಡಿಕೆ:
ಕೊಡಗು, ಕೊಡಚಾದ್ರಿ ಎರಡನ್ನೂ ಬಿಟ್ರಲ್ಲ! ಬೆಟ್ಟದ ತುದಿಗಳೇ ತುಂಬಿರೋ ಜಾಗ. ಕೋಡುಗಳ ನಾಡು ಕೊಡಗು, ಕೋಡಿನ ಅದ್ರಿ ಕೊಡಚಾದ್ರಿ. ಇಷ್ಟು ಸುಲಭ.

ತುಂಗಾತೀರ:
ಸುಲಭ ಅಂತಲೇ ಅನುಮಾನ. ಕೋಡಿನ ಓ ದೀರ್ಘ. ಕೊಡಗು, ಕೊಡಚಾದ್ರಿಯ ಒ ಹ್ರಸ್ವ. ಕೊಡಚಾದ್ರಿಗೆ ಸಂಸ್ಕೃತದಲ್ಲಿ ಕುಟಜಾದ್ರಿ ಅಂತಾರೆ, ಕುಟಜ ಅಂದರೆ ಗಿಡದ ಹೆಸರು, ಆಯುರ್ವೇದದಲ್ಲಿ ಭೇದಿಗೆ ಅದರ ತೊಗಟೆ ಬಳಸ್ತಾರೆ. ಬೆಟ್ಟ ಕಂಡಲ್ಲೆಲ್ಲ ಕೊಂಬು ಹುಡುಕಬೇಡಿ.

ಶೃಂಗೇರಿ ಮಾತ್ರ ನಿಜವಾಗಿ ಕೊಂಬಿನದ್ದೇ. ಋಷ್ಯಶೃಂಗಗಿರಿ, ಶೃಂಗಗಿರಿ, ಶೃಂಗೇರಿ. ಹತ್ತಿರದ ಕಿಗ್ಗದಲ್ಲಿ ಋಷ್ಯಶೃಂಗೇಶ್ವರ ದೇವಸ್ಥಾನ ಇದೆ, ಮಳೆ ಹೋದರೂ ಮಳೆ ಜಾಸ್ತಿಯಾದರೂ ಜನ ಅಲ್ಲಿಗೇ ಹರಕೆ ಹೊರೋದು. ತುಂಬಾ ಜನ ಇದನ್ನ ಋಷಿ + ಶೃಂಗ ಅಂತ ಬಿಡಿಸ್ತಾರೆ. ಅದು ಋಷಿ ಅಲ್ಲ, ಋಶ್ಯ (ಋಷ್ಯ ಅಂತಲೂ ಬರೀತಾರೆ). ಗಂಡು ಹುಲ್ಲೆ. ಹುಲ್ಲೆಯ ಕೊಂಬಿದ್ದವನು ಅಂತ ಹೆಸರು. ಶೃಂಗಕ್ಕೂ ಕೋಡಿಗೂ ಅರ್ಥ ಒಂದೇ ದಾರಿಯಲ್ಲಿ ನಡೆದಿದೆ ನೋಡಿ, ಸಂಸ್ಕೃತದಲ್ಲೂ ಶೃಂಗ ಅಂದರೆ ಕೊಂಬು, ಬೆಟ್ಟದ ತುದಿ ಎರಡೂ.

ಅರಸೀಕೆರೆ_ತೆಂಗು:
ಹಾಗಾದ್ರೆ ಅವರ ಕೊಂಬು ವರ್ಷಕ್ಕೊಂದ್ಸಲ ಉದುರ್ತಿತ್ತಾ?

ದನದ_ಡಾಕ್ಟ್ರು:
ತಮಾಷೆಗೆ ಕೇಳಿದ್ರೂ ಪ್ರಶ್ನೆ ಸರಿಯಾಗಿದೆ. ಉದುರೋದು, ಉದುರದೇ ಇರೋದು ಎರಡಕ್ಕೂ ಕನ್ನಡದಲ್ಲಿ ಕೊಂಬು ಅಂತಲೇ ಹೇಳೋದರಿಂದ ಗೊಂದಲ.

ದನ, ಎಮ್ಮೆ, ಕುರಿ, ಆಡು, ಕಾಟಿ, ಕೃಷ್ಣಮೃಗ, ಇವುಗಳದ್ದು ಖಾಯಂ ಕೊಂಬು. ಒಳಗೆ ಹಣೆಯ ಮೂಳೆಯೇ ಮುಂದುವರಿದು ತಿರುಳಾಗಿರುತ್ತೆ. ಅದರ ಮೇಲೆ ರಕ್ತನಾಳ, ನರ ಇರೋ ತೆಳು ಪದರ. ಅದರ ಮೇಲೆ ಕೆರಟಿನ್ನಿನ ಚಿಪ್ಪು. ಉಗುರು, ಗೊರಸು ಆಗಿರೋದೂ ಅದೇ ಕೆರಟಿನ್ನಿಂದ. ಬುಡದಿಂದ ಬೆಳೀತಾ ಹೋಗುತ್ತೆ, ಕವಲೊಡೆಯಲ್ಲ, ಉದುರಲ್ಲ. ಮುರಿದರೆ ಮತ್ತೆ ಮೊದಲಿನ ಹಾಗೆ ಬರಲ್ಲ.

ಚುಕ್ಕೆ ಜಿಂಕೆ, ಕಡವೆಯದ್ದು ಪೂರ್ತಿ ಮೂಳೆ. ಬೆಳೆಯುವಾಗ ಮೇಲೆ ರೋಮ ಇರೋ ಚರ್ಮ ಇರುತ್ತೆ, ಬಲಿತ ಮೇಲೆ ಅದನ್ನ ಮರಕ್ಕೆ ಉಜ್ಜಿ ಕಿತ್ತುಹಾಕ್ತವೆ. ಆಮೇಲೆ ಬುಡದಲ್ಲಿ ಕಳಚಿ ಬಿದ್ದು ಹೊಸದು ಬರುತ್ತೆ. ನಮ್ಮ ಜಿಂಕೆ, ಕಡವೆಗಳಲ್ಲಿ ಗಂಡಿಗೆ ಮಾತ್ರ. ಭದ್ರಾ ಕಾಡಿನಲ್ಲಿ ಬಿದ್ದಿರೋದು ಸಿಕ್ತು ಅಂತ ಮನೆಗೆ ತಂದು ಗೋಡೆಗೆ ನೇತುಹಾಕಬೇಡಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ.

ಘೇಂಡಾಮೃಗದ್ದು ಮೂರನೇ ಬಗೆ. ಒಳಗೆ ಮೂಳೆಯೇ ಇಲ್ಲ, ಬರೀ ಕೆರಟಿನ್.

ಋಶ್ಯ ಹುಲ್ಲೆಯೇ ಆಗಿದ್ದರೆ ಉದುರ್ತಿರಲಿಲ್ಲ, ಅರಸೀಕೆರೆಯವರೇ.

ಸಕಲೇಶಪುರ_ಘಾಟಿ:
ಆನೆದು?

ದನದ_ಡಾಕ್ಟ್ರು:
ಅದು ಹಲ್ಲು. ಮೇಲ್ದವಡೆಯ ಬಾಚಿಹಲ್ಲು ಉದ್ದಕ್ಕೆ ಬೆಳೆದದ್ದು. ಮಲಯಾಳದವರು ದಂತ ಇರೋ ಗಂಡಾನೆಗೆ ಕೊಂಬನ್ ಅಂತಾರೆ, ಮಾತು ಚೆನ್ನಾಗಿದೆ, ಅಂಗರಚನೆ ಮಾತ್ರ ತಪ್ಪು. ನಿಮ್ಮ ಆಲೂರು, ಸಕಲೇಶಪುರದ ಕಡೆ ತೋಟಕ್ಕೆ ಬರೋ ಗಂಡುಗಳಲ್ಲಿ ದಂತ ಇಲ್ಲದವನೂ ಇರ್ತಾನೆ, ಅವನಿಗೆ ಮಕನ ಅಂತಾರೆ. ದಂತ ಇಲ್ಲ ಅಂತ ಹೆಣ್ಣಾನೆ ಅಂದ್ಕೊಂಡು ಹತ್ತಿರ ಹೋಗಬಾರದು.

ಹಳ್ಳಿಕಾರ್_ಜೋಡಿ:
ಡಾಕ್ಟ್ರೇ, ಕೊಂಬು ಹೆರೆಯೋದರ ಬಗ್ಗೆ ಹೇಳಿ. ಜಾತ್ರೆ ಹತ್ತಿರ ಬಂತು ಅಂದ್ರೆ ಎಲ್ಲಾ ಕಡೆ ಶುರು. ಹಳ್ಳಿಕಾರ್ ತಳಿಯ ದನದ ಕೊಂಬು ಸಣ್ಣಗೆ, ನೇರವಾಗಿ ಹಿಂದಕ್ಕೆ ಹೋಗಿ ತುದಿ ಮುಂದಕ್ಕೆ ಬಾಗಿರಬೇಕು, ಬುಡ ಎರಡೂ ಹತ್ತಿರ ಇರಬೇಕು. ದಪ್ಪ ಕಂಡ್ರೆ ಬೆಲೆ ಬರಲ್ಲ. ಅದಕ್ಕೇ ಹೆರೆದು, ಎಣ್ಣೆ ಹಚ್ಚಿ, ತುದಿಗೆ ಹಿತ್ತಾಳೆ ಅಣಸು ಹಾಕ್ತಾರೆ.

ದನದ_ಡಾಕ್ಟ್ರು:
ತುದಿ ಕಡೆ ಚಿಪ್ಪು ಗಟ್ಟಿ, ಒಳಗೆ ಮೂಳೆ ಇರಲ್ಲ. ಅಲ್ಲಿ ಮೇಲ್ಮೇಲೆ ಹೆರೆದರೆ ಅಪಾಯ ಕಡಿಮೆ. ಬುಡದ ಕಡೆ ಚಿಪ್ಪು ತೆಳು. ಅಲ್ಲಿ ಹೆರೆದರೆ ಒಳಪದರ ಬಂದುಬಿಡುತ್ತೆ, ರಕ್ತ ಜಿನುಗುತ್ತೆ, ನೊಣ ಕೂತು ಹುಳ ಬೀಳುತ್ತೆ. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಬೆಳೆದ ದನದಲ್ಲಿ ಹಣೆಯ ಮೂಳೆಯೊಳಗಿನ ಗಾಳಿಗೂಡು ಕೊಂಬಿನ ತಿರುಳಿನೊಳಗೂ ಹೋಗಿರುತ್ತೆ. ಕೊಂಬು ಬುಡದಲ್ಲಿ ಮುರಿದರೆ ಮೂಗಿನಲ್ಲಿ ರಕ್ತ ಬರೋದು ಅದಕ್ಕೇ. ಕೀವಾದರೆ ತಲೆ ಒಂದು ಕಡೆ ವಾಲಿಸಿಕೊಂಡು ನಿಲ್ಲುತ್ತೆ.

ಹಾಗೆ ವಾಲಿಸೋದು, ತಲೆ ಒದರೋದು, ಒಂದೇ ಹೊಳ್ಳೆಯಲ್ಲಿ ರಕ್ತ ಮಿಶ್ರಿತ ಸ್ರಾವ, ಕೊಂಬಿನ ಬುಡ ಮೆತ್ತಗಾಗಿ ಅಲ್ಲಾಡೋದು, ಇಷ್ಟೂ ಪೆಟ್ಟು ಬೀಳದೇ ಕಂಡರೆ ಕೊಂಬಿನ ಕ್ಯಾನ್ಸರ್ ಇರಬಹುದು. ನಮ್ಮ ದೇಶದ ನಾಟಿ ಎತ್ತುಗಳಲ್ಲಿ ಅದು ಅಪರೂಪ ಅಲ್ಲ. ಬೇಗ ಬಂದರೆ ನರಕ್ಕೆ ಅರಿವಳಿಕೆ ಕೊಟ್ಟು ಬುಡಸಮೇತ ತೆಗೆದು ಉಳಿಸಬಹುದು. ಅರಿಶಿನ ಮೆತ್ತಿ ತಿಂಗಳುಗಟ್ಟಲೆ ಕಾದರೆ ಆಗಲ್ಲ.

ಕೊಂಬೇ ಬೇಡ ಅನ್ನೋ ಡೈರಿಯವರು ಕರುವಿಗೆ ಎರಡು ಮೂರು ವಾರ ಇದ್ದಾಗಲೇ ಮೊಗ್ಗು ಸುಡಿಸಬೇಕು. ಆಗ ಮೊಗ್ಗು ಚರ್ಮದಲ್ಲಿ ಮಾತ್ರ ಇರುತ್ತೆ. ಎರಡು ತಿಂಗಳು ದಾಟಿದರೆ ತಲೆಬುರುಡೆಗೆ ಅಂಟಿಕೊಂಡಿರುತ್ತೆ, ಆಮೇಲೆ ಅದು ಸುಡೋ ಕೆಲಸ ಅಲ್ಲ, ಕೊಯ್ಯೋ ಕೆಲಸ. ಸುಟ್ಟದ್ದು ಸರಿಯಾಯ್ತಾ ಅಂತ ನೋಡೋಕೆ ಮೊಗ್ಗಿನ ಸುತ್ತ ತಾಮ್ರದ ಬಣ್ಣದ ಉಂಗುರ ಪೂರ್ತಿ ಬಂದಿರಬೇಕು. ಒಂದು ಕಡೆ ಬಿಟ್ಟುಹೋದರೆ ಅಲ್ಲಿಂದ ಸೊಟ್ಟ ಕೊಂಬು ಏಳುತ್ತೆ. ಅರಿವಳಿಕೆ ಇಲ್ಲದೆ ಸುಡೋಕೆ ಬಿಡಬೇಡಿ.

ಅಜ್ಜಂಪುರ_ಕಾವಲು:
ಹಳ್ಳಿಕಾರ್ ಅಂತೀರಿ, ನಮ್ಮ ಅಮೃತಮಹಲ್ ತಳಿ ಮರೆತ್ರಾ? ಮೈಸೂರು ಒಡೆಯರ ಕಾಲದಲ್ಲಿ ಅರಮನೆಯ ದನ ಸಾಕೋ ಇಲಾಖೆಗೆ ಬೆಣ್ಣೆ ಚಾವಡಿ ಅಂತಿದ್ರು, ಟಿಪ್ಪು ಅದಕ್ಕೆ ಅಮೃತಮಹಲ್ ಅಂತ ಹೆಸರಿಟ್ಟ. ಆ ಕೊಂಬಿನ ಮುಂದೆ ಯಾವ ಜೋಡಿಯೂ ಇಲ್ಲ.

ಹಳ್ಳಿಕಾರ್_ಜೋಡಿ:
ಅಣ್ಣಾ, ಅಮೃತಮಹಲ್ ಬಂದಿದ್ದೇ ಹಳ್ಳಿಕಾರ್ ರಕ್ತದಿಂದ. ಅಪ್ಪನ ಮುಂದೆ ಮಗನ್ನ ನಿಲ್ಲಿಸಿ ಕೊಂಬು ಅಳೀಬೇಡಿ.

ಅಜ್ಜಂಪುರ_ಕಾವಲು:
ಅಳೀಲೇಬೇಕು. ಚಿಕ್ಕಮಗಳೂರಿಗೆ ಬನ್ನಿ, ತೋರಿಸ್ತೀವಿ.

ಬೇಲೂರು_ಶಿಲ್ಪ:
ಕೊಂಬಿನ ಉಂಗುರ ಎಣಿಸಿ ವಯಸ್ಸು ಹೇಳ್ತಾರಲ್ಲ, ಅದು ನಿಜಾನಾ?

ಹಳ್ಳಿಕಾರ್_ಜೋಡಿ:
ಹಸುವಿನಲ್ಲಿ ಅಂದಾಜಿಗೆ ಬರುತ್ತೆ. ಉಂಗುರದ ಲೆಕ್ಕಕ್ಕೆ ಎರಡು ಸೇರಿಸಿ ವರ್ಷ ಹೇಳೋದು ರೂಢಿ. ಗಬ್ಬ ನಿಂತಾಗ ಕೊಂಬಿನ ಬೆಳವಣಿಗೆ ತಗ್ಗಿ ಗೆರೆ ಬೀಳುತ್ತೆ, ಅದಕ್ಕೆ. ಬರಗಾಲದಲ್ಲಿ ಮೇವಿಲ್ಲದೇ ಇದ್ರೂ ಗೆರೆ ಬೀಳುತ್ತೆ, ಹಾಗಾಗಿ ಪೂರ್ತಿ ನಂಬೋಕಾಗಲ್ಲ. ದಲ್ಲಾಳಿ ಗಾಜಿನ ಚೂರಲ್ಲಿ ಉಜ್ಜಿ ನುಣುಪು ಮಾಡಿದ್ರೆ ಉಂಗುರ ಎಲ್ಲಿರುತ್ತೆ? ಕೊಂಬು ಫಳಫಳ ಅಂದ್ರೆ ಬಾಯಿ ಬಿಡಿಸಿ, ಹಾಲುಹಲ್ಲು ಬಿದ್ದು ಬಂದ ಹೊಸ ಹಲ್ಲು ಎಣಿಸಿ. ಎರಡು ಹಲ್ಲು ಅಂದ್ರೆ ಎರಡರಿಂದ ಎರಡೂವರೆ ವರ್ಷ, ನಾಲ್ಕು ಹಲ್ಲಿಗೆ ಮೂರು, ಆರು ಹಲ್ಲಿಗೆ ನಾಲ್ಕರ ಹತ್ತಿರ, ಎಲ್ಲಾ ಹಲ್ಲೂ ಬಂದು ಬಾಯಿಗೂಡಿದ್ರೆ ಐದರ ಆಸುಪಾಸು. ನಾಟಿ ದನಕ್ಕೆ ಸೀಮೆ ಹಸುವಿಗಿಂತ ಒಂದಷ್ಟು ತಡ.

ಮಂಗಳೂರು_ನೆಂಟ:
ಪ್ರಾಣಿ ಬಿಡಿ, ನಮ್ಮ ಕಡೆ ನುಗ್ಗೆಕಾಯಿಗೆ ನುಗ್ಗೆ ಕೋಡು ಅಂತಾರೆ. ಅಲಸಂಡೆ ಕೋಡು ಅಂತಲೂ ಇದೆ. ನಿಮ್ಮಲ್ಲಿ ಇಲ್ವಾ?

ಕೊಪ್ಪದ_ಅಡಿಕೆ:
ಘಟ್ಟದ ಮೇಲೆ ನಮಗೂ ಕಿವಿಗೆ ಬಿದ್ದಿದೆ. ಹಾಸನದವರಿಗೆ ಎಲ್ಲಾ ಬರೀ ಕಾಯಿ.

ತುಂಗಾತೀರ:
ಕಾಯಿಗೆ ಕೊಂಬಿನ ಹೆಸರು ಇಡೋದು ನಮ್ಮೊಬ್ಬರ ಚಾಳಿ ಅಲ್ಲ. ಗ್ರೀಕಿನಲ್ಲಿ ಕೆರಸ್ ಅಂದರೆ ಕೊಂಬು, ಡಾಕ್ಟ್ರು ಹೇಳಿದ ಕೆರಟಿನ್ ಅಲ್ಲಿಂದಲೇ. ಕೆರಾಟಿಯೊನ್ ಅಂದರೆ ಪುಟ್ಟ ಕೊಂಬು. ಕ್ಯಾರಬ್ ಅನ್ನೋ ಮರದ ಬಾಗಿದ ಕಾಯಿಗೆ ಆ ಹೆಸರು. ಅದರ ಬೀಜವನ್ನ ತೂಕಕ್ಕೆ ಬಳಸ್ತಿದ್ದರು. ಅರಬ್ಬರ ಬಾಯಲ್ಲಿ ಕೀರಾತ್ ಆಗಿ, ಈಗ ಚಿನ್ನದಂಗಡಿಯ ಕ್ಯಾರಟ್. ವಜ್ರಕ್ಕಾದರೆ ಒಂದು ಕ್ಯಾರಟ್ 200 ಮಿಲಿಗ್ರಾಂ, ಚಿನ್ನಕ್ಕಾದರೆ 24ರಲ್ಲಿ ಎಷ್ಟು ಪಾಲು ಅನ್ನೋ ಲೆಕ್ಕ. 22 ಕ್ಯಾರಟ್ ಬಳೆ ಕೊಳ್ಳೋರು ಕೋಡುಬಳೆ ಕೊಳ್ತಿದ್ದಾರೆ ಅಂದರೂ ನಡೆಯುತ್ತೆ.

ಅರಸೀಕೆರೆ_ತೆಂಗು:
ಈ ಮಾತು ಹೆಂಡ್ತಿಗೆ ತೋರಿಸಬಾರದು.

ಆಲೂರು_ಶುಂಠಿ:
ಶುಂಠಿಗೂ ಕೊಂಬಿಗೂ ನಂಟಿದೆ ಅಂತಾರಲ್ಲ, ಯಾರಾದ್ರೂ ಹೇಳಿ. ನಮ್ಮ ಹೊಲ ತುಂಬಾ ಅದೇ ಇದೆ.

ಹಳೇಮೇಷ್ಟ್ರು:
ಇದು ಮಜಾ ಇದೆ. ಸಂಸ್ಕೃತದಲ್ಲಿ ಶುಂಠಿಗೆ ಶೃಂಗವೇರ ಅಂತ ಒಂದು ಹೆಸರು. ವೇರ ಅಂದರೆ ಮೈ, ಕೊಂಬಿನ ಆಕಾರದ ಮೈಯುಳ್ಳದ್ದು ಅಂತ ಅರ್ಥ ಹೇಳ್ತಾ ಬಂದರು. ಪಾಳಿಯಲ್ಲಿ ಸಿಂಗಿವೇರ, ಗ್ರೀಕಿನಲ್ಲಿ ಜಿಂಗಿಬೆರಿಸ್, ಲ್ಯಾಟಿನ್ನಿನ ಜಿಂಜಿಬರ್, ಇಂಗ್ಲಿಷಿನ ಜಿಂಜರ್. ಭಾಷಾವಿಜ್ಞಾನಿಗಳು ಒಪ್ಪಿರೋ ವಿವರಣೆ ಬೇರೆ. ಮೂಲ ದ್ರಾವಿಡದ್ದು, ಇಂಚಿ + ವೇರ್. ತಮಿಳು, ಮಲಯಾಳದಲ್ಲಿ ಇವತ್ತಿಗೂ ಇಂಜಿ. ವೇರ್ ಅಂದರೆ ನಮ್ಮ ಬೇರು. ಆ ಪದ ಉತ್ತರಕ್ಕೆ ಹೋದಾಗ ಕೇಳಿದವರು ತಮಗೆ ಗೊತ್ತಿದ್ದ ಶೃಂಗಕ್ಕೆ ಹೊಂದಿಸಿಕೊಂಡರು. ಗಡ್ಡೆಯಲ್ಲಿ ಕೊಂಬಿನ ಹಾಗೆ ಕವಲು ಇದ್ದದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ.

ಶುಂಠಿ ಅನ್ನೋದು ಸಂಸ್ಕೃತದಲ್ಲಿ ಒಣಗಿದ್ದಕ್ಕೆ ಮಾತ್ರ. ಹಸಿಯದ್ದು ಆರ್ದ್ರಕ, ಹಿಂದಿಯ ಅದ್ರಕ್. ಉತ್ತರ ಕರ್ನಾಟಕದವರು ಹಸಿಯದ್ದಕ್ಕೆ ಅಲ್ಲ ಅಂತ ಬೇರೆ ಪದ ಇಟ್ಟುಕೊಂಡಿದ್ದಾರೆ. ನಾವು ಹಸಿ ಶುಂಠಿ, ಒಣ ಶುಂಠಿ ಅಂತ ಎರಡು ಸಲ ಹೇಳ್ತೀವಿ.

ಆಲೂರು_ಶುಂಠಿ:
ಮತ್ತೆ ಅರಿಶಿನದ್ದು ಕೊಂಬು, ಶುಂಠಿದು ಯಾಕೆ ಕೊಂಬಲ್ಲ?

ರಾಗಿಮುದ್ದೆ_ಅಕ್ಕ:
ಅರಿಶಿನದಲ್ಲಿ ಎರಡು ಭಾಗ ಬೇರೆ ಬೇರೆ ಮಾಡಲೇಬೇಕು ತಮ್ಮಾ, ಅದಕ್ಕೆ ಹೆಸರೂ ಬೇಕಾಯ್ತು. ನಡುವಿನ ದುಂಡನೆಯದು ತಾಯಿಗಡ್ಡೆ, ಪಕ್ಕದಿಂದ ಹೊರಟಿದ್ದು ಕೊಂಬು. ಎರಡನ್ನೂ ಒಟ್ಟಿಗೆ ಬೇಯಿಸಬಾರದು, ಕೊಂಬು ಬೆಂದಾಗ ಗಡ್ಡೆ ಬೆಂದಿರಲ್ಲ. ಕಿತ್ತ ಎರಡು ಮೂರು ದಿನದೊಳಗೆ ತೊಳೆದು, ಮುಳುಗುವಷ್ಟು ನೀರಿಟ್ಟು, ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ನೊರೆ ಎದ್ದು, ಘಮ ಬಿಟ್ಟು, ಮೊಂಡು ಕಡ್ಡಿ ಚುಚ್ಚಿದ್ರೆ ಸಲೀಸಾಗಿ ಇಳೀಬೇಕು. ಬೇಯೋದು ಕಮ್ಮಿಯಾದ್ರೆ ಒಣಗಿದ ಮೇಲೆ ಪುಡಿಪುಡಿ ಮುರಿಯುತ್ತೆ, ಜಾಸ್ತಿಯಾದ್ರೆ ಬಣ್ಣ ಕೆಡುತ್ತೆ. ಆಮೇಲೆ 10ರಿಂದ 15 ದಿನ ಬಿಸಿಲು. ಮುರಿದಾಗ ಟಣ್ ಅನ್ನಬೇಕು. ಐದು ಕೆಜಿ ಹಸಿಗೆ ಒಂದು ಕೆಜಿ ಒಣದು ಸಿಕ್ಕಿದ್ರೆ ಸರಿ. ತಾಳಿಗೆ ಬದಲು ದಾರಕ್ಕೆ ಕಟ್ಟೋದು ಈ ಕೊಂಬನ್ನೇ, ಗಡ್ಡೆ ಕಟ್ಟಲ್ಲ.

ಸಕಲೇಶಪುರ_ಘಾಟಿ:
ಕೊಂಬು ಊದೋದು ಬಿಟ್ರಿ. ಪಕ್ಕದ ಕೊಡಗಿನಲ್ಲಿ ಕೊಂಬು ಕೊಟ್ಟ್ ವಾಲಗ ಅನ್ನೋ ವಾದ್ಯಮೇಳ ಇಲ್ಲದೆ ಮದುವೆ ನಡೆಯಲ್ಲ. ಮೊದಲು ಪ್ರಾಣಿಯ ಕೊಂಬೇ, ಈಗ ಹಿತ್ತಾಳೆ, ತಾಮ್ರ. ತೂತುಗಳೇ ಇಲ್ಲ, ತುಟಿಯ ಬಿಗಿಯಿಂದಲೇ ಸ್ವರ ಬದಲಾಗಬೇಕು, ಹಾಗಾಗಿ ಕೆಲವೇ ಸ್ವರ ಬರೋದು. ಕೊಳವೆಯ ಕೀಲಿನಲ್ಲಿ ಗಾಳಿ ಸೋರಿದ್ರೆ ಸ್ವರ ಒಡೆದುಹೋಗುತ್ತೆ.

ಬೇಲೂರು_ಶಿಲ್ಪ:
ಅಕ್ಷರದ ಕೊಂಬಿಗೆ ಯಾರೂ ಉತ್ತರ ಕೊಟ್ಟೇ ಇಲ್ಲ.

ಹಳೇಮೇಷ್ಟ್ರು:
ಕಕ್ಕೆ ಕೊಂಬು ಕೊಟ್ಟರೆ ಕು, ಕೊಂಬಿನ ಇಳಿ ಕೊಟ್ಟರೆ ಕೂ. ಅಕ್ಷರದ ಬಲಗಡೆ ಬಾಗಿ ನಿಲ್ಲೋ ಗೆರೆಗೆ ಆ ಹೆಸರು. ತೆಲುಗಿನವರೂ ಉಕಾರಕ್ಕೆ ಕೊಮ್ಮು ಅಂತಾರೆ. ತಮಿಳಿನಲ್ಲಿ ಕೊಂಬು ಇರೋದು ಎಕಾರಕ್ಕೆ, ಅಕ್ಷರದ ಎಡಗಡೆ ಬರುತ್ತೆ, ಎ ಆದರೆ ಒಂಟಿ ಕೊಂಬು, ಏ ಆದರೆ ಇರಟ್ಟೈ ಕೊಂಬು.

ನಮ್ಮಲ್ಲಿ ಮಕ್ಕಳು ಎಡವೋ ಜಾಗ ಎರಡು. ಪು, ವು ಬರೆಯುವಾಗ ಕೊಂಬು ಪಕ್ಕಕ್ಕಲ್ಲ, ಕೆಳಕ್ಕೆ ಇಳೀಬೇಕು. ವಕ್ಕೆ ಪಕ್ಕದಲ್ಲಿ ಕೊಟ್ಟರೆ ಮ ಆಗಿಬಿಡುತ್ತೆ. ಎರಡನೆಯದು ದೊಡ್ಡವರದ್ದೂ ಹೌದು, ಬಸ್ಸಿನ ಬೋರ್ಡಿನಲ್ಲಿ ಶ್ರುಂಗೇರಿ. ಶೃಂಗ ಅಂದರೆ ಕೊಂಬೇ ಇರಬಹುದು, ಬರೆಯುವಾಗ ಕೊಂಬು ಕೊಡಬಾರದು. ವಟ್ರಸುಳಿ.

ಅರಸೀಕೆರೆ_ತೆಂಗು:
ಮೇಷ್ಟ್ರೇ, ಇದಕ್ಕೆ ನೂರಕ್ಕೆ ನೂರು.

ಬಾಬಾಬುಡನ್_ಮಂಜು:
ಕೆರೆ ಕೋಡಿ ಬಿತ್ತು ಅನ್ನೋ ಕೋಡಿ?

ತುಂಗಾತೀರ:
ಅದಕ್ಕೆ ಬೇರೆ ಚರ್ಚೆ ಶುರು ಮಾಡಿ, ಇಲ್ಲಿ ಏರಿ ತೂಬು ಎಲ್ಲಾ ಒಡೆದುಹೋಗುತ್ತೆ.

ಹೇಮಾವತಿ_ದಂಡೆ:
ಎಲ್ಲರಿಗೂ ಥ್ಯಾಂಕ್ಸ್. ಕೋಡುಬಳೆ ಮಾತ್ರ ಬಾಕಿ. ಕೂಡುಬಳೆ ಇದ್ದದ್ದು ಕೋಡುಬಳೆ ಆಯ್ತು, ಎರಡು ತುದಿ ಕೂಡಿಸ್ತಾರಲ್ಲ, ಅಂತ ಒಬ್ಬರು ವಾದಿಸ್ತಿದ್ದಾರೆ.

ಹಳೇಮೇಷ್ಟ್ರು:
ಕೂ ಇದ್ದದ್ದು ಕೋ ಆಗೋಕೆ ಕಾರಣ ಬೇಕಲ್ಲ? ಕೂಡು ಇವತ್ತಿಗೂ ಕೂಡು ಅಂತಲೇ ಇದೆ, ಅದೊಂದು ತಿಂಡಿಯಲ್ಲಿ ಮಾತ್ರ ಯಾಕೆ ಬದಲಾಯ್ತು? ಕೋಡಿನ ಹಾಗೆ ಬಾಗಿಸಿದ ಬಳೆ, ಮುಗೀತು.

ರಾಗಿಮುದ್ದೆ_ಅಕ್ಕ:
ಕೂಡಿಸೋಕೇ ಬರದೆ ಎಷ್ಟೋ ಜನರದ್ದು ಬಿಟ್ಟುಕೊಳ್ಳುತ್ತೆ. ಎರಡು ಲೋಟ ಅಕ್ಕಿ ಹಿಟ್ಟು, ಅರ್ಧ ಲೋಟ ಚಿರೋಟಿ ರವೆ, ಕಾಲು ಲೋಟ ಹುರಿಗಡಲೆ ಪುಡಿ. ಅರ್ಧ ಲೋಟ ಕಾಯಿತುರಿ, ಬ್ಯಾಡಗಿ ಮೆಣಸಿನಕಾಯಿ, ಇಂಗು, ಉಪ್ಪು ನೀರು ಹಾಕದೆ ರುಬ್ಬಿ. ಮೂರು ನಾಲ್ಕು ಚಮಚ ಕಾದ ಎಣ್ಣೆ ಹಿಟ್ಟಿಗೆ ಹಾಕಿ ಮುಷ್ಟಿ ಹಿಡಿದ್ರೆ ಉಂಡೆ ನಿಲ್ಲಬೇಕು. ನಿಲ್ಲದಿದ್ರೆ ಎಣ್ಣೆ ಸಾಲದು, ಹೊಸೆಯುವಾಗ ಬಿರಿಯುತ್ತೆ. ಜಾಸ್ತಿಯಾದ್ರೆ ಬಾಣಲೆಯಲ್ಲಿ ಕರಗಿ ಎಣ್ಣೆ ಕುಡಿಯುತ್ತೆ. ಪೆನ್ಸಿಲ್ ದಪ್ಪಕ್ಕೆ ಹೊಸೆದು ತುದಿಯನ್ನ ಒಂದರ ಮೇಲೊಂದು ಇಟ್ಟು ಒತ್ತಿ. ಉರಿ ಸಣ್ಣ, ನೊರೆ ನಿಲ್ಲೋವರೆಗೂ ಬಿಡಿ. ದೊಡ್ಡ ಉರಿ ಇಟ್ರೆ ಮೇಲೆ ಕೆಂಪಗಾಗಿ ಒಳಗೆ ಹಸಿ ಉಳಿಯುತ್ತೆ, ಮಾರನೇ ದಿನಕ್ಕೇ ಮೆತ್ತಗೆ.

ಮಂಗಳೂರು_ನೆಂಟ:
ಕಾಯಿತುರಿ ಹಾಕಿದ್ರೆ ಎಷ್ಟು ದಿನ ಇರುತ್ತೆ ಅಕ್ಕಾ? ನಾವು ಒಣಕೊಬ್ಬರಿ ಹಾಕ್ತೇವೆ.

ರಾಗಿಮುದ್ದೆ_ಅಕ್ಕ:
ಗಾಳಿ ಆಡದ ಡಬ್ಬಿಯಲ್ಲಿ ಒಂದು ವಾರ. ಕೊಬ್ಬರಿ ಆದ್ರೆ ಇನ್ನೂ ಬಾಳುತ್ತೆ, ಆದ್ರೆ ಆ ರುಚಿ ಬರಲ್ಲ.

ಅರಸೀಕೆರೆ_ತೆಂಗು:
ಅರಸೀಕೆರೆ ಕೊಬ್ಬರಿಗೆ ರುಚಿ ಇಲ್ಲ ಅಂದೋರು ಯಾರು?